ಹಳೇ ಬ್ಯಾಟರಿ, ಹೊಸ ಬ್ಯಾಟರಿ: ಜೋಡಿ ಆಗುತ್ತಾ?



ಟಾರ್ಚಿಗೆ ಒಂದು ಹೊಸ ಶೆಲ್ಲು, ಒಂದು ಹಳೇ ಶೆಲ್ಲು ಹಾಕಬೇಡ ಅಂತ ಮನೆಯಲ್ಲಿ ದೊಡ್ಡವರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಯಾಕೆ ಅಂತ ಕೇಳಿದರೆ, "ಹೊಸದೂ ಬೇಗ ಹೋಗುತ್ತೆ" ಅನ್ನುತ್ತಾರೆ. ಮಾತು ನಿಜ. ಆದರೆ ಹೊಸದು ಯಾಕೆ ಬೇಗ ಹೋಗಬೇಕು? ಹಳೆಯದರ ರೋಗ ಹೊಸದಕ್ಕೆ ಅಂಟುತ್ತದೆಯೇ?

ಇದು ಬರೀ ಟಾರ್ಚಿನ ಪ್ರಶ್ನೆ ಅಲ್ಲ. ಯುಪಿಎಸ್, ಸೋಲಾರ್ ದೀಪ, ಕರೆಂಟಿನ ಸ್ಕೂಟರ್ ಎಲ್ಲದರಲ್ಲೂ ಹಲವು ವಿದ್ಯುತ್ ಕೋಶಗಳು ಜೊತೆಯಾಗಿ ದುಡಿಯುತ್ತವೆ. ಜೊತೆಯವರು ಸಮವಾಗಿದ್ದರೆ ತೊಂದರೆ ಇಲ್ಲ. ಸಮ ಇಲ್ಲದಿದ್ದರೆ ಏನಾಗುತ್ತದೆ, ಸಮ ಮಾಡುವುದು ಹೇಗೆ, ಯಾವುದನ್ನು ಸಮ ಮಾಡಲು ಆಗುವುದೇ ಇಲ್ಲ ಎಂಬುದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಹತ್ತನೇ ತರಗತಿಯವರಿಗೆ ಪಾಠದಲ್ಲಿ ಬಂದ ವಿಷಯವೇ. ಎಂಟು, ಒಂಬತ್ತರವರೂ ಓದಬಹುದು, ಲೆಕ್ಕ ಸುಲಭ ಇದೆ.

ಮಟ್ಟ ಬೇರೆ, ಪ್ರಮಾಣ ಬೇರೆ

ಬ್ಯಾಟರಿಯ ಮೇಲೆ ಎರಡು ಸಂಖ್ಯೆ ಬರೆದಿರುತ್ತಾರೆ. ಒಂದು ವೋಲ್ಟ್, ಇನ್ನೊಂದು ಎಎಚ್, ಅಂದರೆ ಆಂಪಿಯರ್ ಗಂಟೆ. ಬ್ಯಾಟರಿಯನ್ನು ನೀರಿನ ಟ್ಯಾಂಕ್ ಅಂತ ತಿಳಿಯಿರಿ. ವೋಲ್ಟ್ ಅಂದರೆ ನೀರು ನಿಂತಿರುವ ಮಟ್ಟ. ಎಎಚ್ ಅಂದರೆ ಟ್ಯಾಂಕಿನ ಅಗಲ, ಎಷ್ಟು ಹಿಡಿಯುತ್ತದೆ ಎನ್ನುವುದು. 150 ಎಎಚ್ ಬ್ಯಾಟರಿ ಹೊಸದಿದ್ದಾಗ 7.5 ಆಂಪಿಯರ್‌ನಂತೆ ಸುಮಾರು 20 ಗಂಟೆ ಕೊಡುತ್ತದೆ.

ಬ್ಯಾಟರಿಗೆ ವಯಸ್ಸಾದರೆ ಏನಾಗುತ್ತದೆ? ಮಟ್ಟ ಕಡಿಮೆ ಆಗುವುದಿಲ್ಲ, ಟ್ಯಾಂಕೇ ಕಿರಿದಾಗುತ್ತದೆ. ಕೆರೆಯಲ್ಲಿ ಹೂಳು ತುಂಬಿದ ಹಾಗೆ. ಹೂಳು ತುಂಬಿದ ಕೆರೆಯೂ ಒಂದೇ ಮಳೆಗೆ ಕೋಡಿ ಬೀಳುತ್ತದೆ, ನೋಡಿದವರಿಗೆ ಕೆರೆ ತುಂಬಿದೆ ಅನಿಸುತ್ತದೆ. ಆದರೆ ಗದ್ದೆಗೆ ಬಿಟ್ಟರೆ ನಾಲ್ಕು ದಿನಕ್ಕೆ ಖಾಲಿ. ಹಾಗೆಯೇ ಹಳೇ ಬ್ಯಾಟರಿಯೂ ಚಾರ್ಜ್ ಮಾಡಿದ ಮೇಲೆ 12.6 ವೋಲ್ಟ್ ತೋರಿಸಬಹುದು. ಮೀಟರ್ ನೋಡಿ "ಚೆನ್ನಾಗಿದೆ" ಅಂತ ಹೇಳುವ ಹಾಗಿಲ್ಲ. ಲೈಟು, ಫ್ಯಾನು ಹಾಕಿ ಎಷ್ಟು ಹೊತ್ತು ಬರುತ್ತದೆ ನೋಡಿದರೇನೇ ನಿಜ ಗೊತ್ತಾಗುವುದು.

ಪಕ್ಕಪಕ್ಕ ಜೋಡಿಸಿದರೆ (ಸಮಾಂತರ ಜೋಡಣೆ)

ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸುವುದು ಸಮಾಂತರ ಜೋಡಣೆ. ಎರಡು ಟ್ಯಾಂಕಿನ ಬುಡಕ್ಕೆ ಪೈಪ್ ಹಾಕಿದಂತೆ. ಮಟ್ಟ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿಯೇ ಹರಿಯುತ್ತದೆ, ಎರಡೂ ಸಮ ಆದಾಗ ನಿಲ್ಲುತ್ತದೆ. ಸಮ ಆಗುವುದು ಮಟ್ಟ ಮಾತ್ರ. ದೊಡ್ಡ ಟ್ಯಾಂಕಿನಲ್ಲಿ ಹೆಚ್ಚು ನೀರು, ಚಿಕ್ಕದರಲ್ಲಿ ಕಡಿಮೆ ನೀರು ಇದ್ದೇ ಇರುತ್ತದೆ.

ಹಾಗಾದರೆ ತೊಂದರೆ ಏನು? ಪೈಪ್ ತುಂಬಾ ದಪ್ಪ ಇದ್ದರೆ ಮೊದಲ ಕ್ಷಣದಲ್ಲಿ ನೀರು ನುಗ್ಗುತ್ತದೆ. ಬ್ಯಾಟರಿಯ ಒಳಗಿನ ರೋಧ ಬಹಳ ಕಡಿಮೆ. ತುಂಬಿದ ಬ್ಯಾಟರಿ 12.7 ವೋಲ್ಟ್, ಖಾಲಿಯಾದದ್ದು 11.9 ವೋಲ್ಟ್ ಅಂತ ಇಟ್ಟುಕೊಳ್ಳೋಣ. ವ್ಯತ್ಯಾಸ 0.8 ವೋಲ್ಟ್. ಎರಡು ಬ್ಯಾಟರಿ ಮತ್ತು ವೈರು ಸೇರಿ ರೋಧ 0.02 ಓಮ್ ಎಂದರೆ, ಓಮನ ನಿಯಮದ ಪ್ರಕಾರ 0.8 ÷ 0.02 = 40 ಆಂಪಿಯರ್! ಮುಕ್ಕಾಲು ವೋಲ್ಟಿನಷ್ಟು ವ್ಯತ್ಯಾಸಕ್ಕೇ ಇಷ್ಟು. ಸಣ್ಣ ವೈರು ಹಾಕಿದ್ದರೆ ಕೈ ಸುಡುವಷ್ಟು ಬಿಸಿ ಆಗುತ್ತದೆ.

ಆದ್ದರಿಂದ ಜೋಡಿಸುವ ಮೊದಲು ಒಂದೊಂದನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಬೇಕು. ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಸೇರಿಸಬೇಕು. ಇನ್ನೊಂದು ಉಪಾಯ ಇದೆ. ಹೊರಗೆ ಹೋಗುವ ಪ್ಲಸ್ ವೈರನ್ನು ಒಂದು ಬ್ಯಾಟರಿಯಿಂದ, ಮೈನಸ್ ವೈರನ್ನು ಇನ್ನೊಂದು ಬ್ಯಾಟರಿಯಿಂದ ತೆಗೆಯಬೇಕು. ಆಗ ಎರಡಕ್ಕೂ ವೈರಿನ ದೂರ ಸಮನಾಗಿ, ಎರಡೂ ಸಮನಾಗಿ ದುಡಿಯುತ್ತವೆ. ಎರಡೂ ವೈರು ಒಂದರಿಂದಲೇ ತೆಗೆದರೆ ಆ ಬ್ಯಾಟರಿಗೇ ಹೆಚ್ಚು ದುಡಿಮೆ.

ಸಾಲಾಗಿ ಜೋಡಿಸಿದರೆ (ಸರಣಿ ಜೋಡಣೆ)

ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿಸುವುದು ಸರಣಿ ಜೋಡಣೆ. ಟಾರ್ಚಿನಲ್ಲಿ ಇರುವುದು ಇದೇ. ಇಲ್ಲಿ ವೋಲ್ಟ್ ಕೂಡುತ್ತದೆ, ಎಎಚ್ ಕೂಡುವುದಿಲ್ಲ. ಎಲ್ಲದರ ಮೂಲಕವೂ ಒಂದೇ ವಿದ್ಯುತ್ ಪ್ರವಾಹ ಹರಿಯಲೇಬೇಕು, ಬೇರೆ ದಾರಿ ಇಲ್ಲ.

ಒಂದೇ ನೊಗಕ್ಕೆ ಕಸುವಿನ ಎತ್ತು ಒಂದು, ಮುದಿ ಎತ್ತು ಒಂದು ಕಟ್ಟಿದರೆ ಏನಾಗುತ್ತದೆ? ಗಾಡಿ ಮುದಿ ಎತ್ತಿನ ನಡಿಗೆಯಲ್ಲೇ ಹೋಗಬೇಕು. ಮುದಿ ಎತ್ತು ಕುಸಿದ ಮೇಲೂ ಇನ್ನೊಂದು ಎಳೆಯುತ್ತಿದ್ದರೆ ಬಿದ್ದದ್ದನ್ನು ದರದರ ಎಳೆದುಕೊಂಡು ಹೋದ ಹಾಗೆ. ಟಾರ್ಚಿನಲ್ಲಿ ಆಗುವುದೂ ಅದೇ. ಹಳೇ ಶೆಲ್ಲು ಖಾಲಿ ಆದ ಮೇಲೂ ಹೊಸದು ಅದರ ಮೂಲಕ ಪ್ರವಾಹ ನೂಕುತ್ತದೆ. ಆಗ ಹಳೆಯದರ ಪ್ಲಸ್ ಮೈನಸ್ಸೇ ತಲೆಕೆಳಗಾಗಿ, ಅದು ಸೋರಿ ಟಾರ್ಚಿನ ಒಳಗೆಲ್ಲ ಅಂಟಂಟು ಆಗುತ್ತದೆ. ಅಂದರೆ ಹಳೆಯದರ ರೋಗ ಹೊಸದಕ್ಕೆ ಅಂಟಲಿಲ್ಲ. ಹಳೆಯದನ್ನು ಎಳೆಯುವುದಕ್ಕೇ ಹೊಸದರ ಶಕ್ತಿ ಹಾಳಾಯಿತು.

ನಮ್ಮ ಶಾಲೆಯ ಯುಪಿಎಸ್ ಕಥೆ

ಈಗ ನಮ್ಮ ಕಂಪ್ಯೂಟರ್ ಕೋಣೆಗೆ ಬರೋಣ. ಅಲ್ಲಿ 12 ವೋಲ್ಟಿನ ಎರಡು ಸೀಸದ ಬ್ಯಾಟರಿಗಳು ಸರಣಿಯಲ್ಲಿವೆ, ಒಟ್ಟು 24 ವೋಲ್ಟ್. ಎರಡಕ್ಕೂ ನಾಲ್ಕು ವರ್ಷ ಆಗಿದೆ. ಕರೆಂಟು ಹೋದರೆ ಮೊದಲು ಎರಡು ಪೀರಿಯಡ್ ಬರುತ್ತಿತ್ತು, ಈಗ ಹತ್ತು ನಿಮಿಷವೂ ಬರುವುದಿಲ್ಲ.

ವಿಜ್ಞಾನ ಮೇಷ್ಟ್ರ ಜೊತೆ ನಿಂತು, ಚಾರ್ಜ್ ಆಗುತ್ತಿರುವಾಗಲೇ ಮಲ್ಟಿಮೀಟರಿನಲ್ಲಿ ಅಳೆದೆವು. ಒಟ್ಟು 27.6 ವೋಲ್ಟ್. ಸರಿಯಾಗಿದ್ದರೆ ತಲಾ 13.8 ಬರಬೇಕು. ಆದರೆ ಎಡಗಡೆಯದು 12.5, ಬಲಗಡೆಯದು 15.1!

ಇದರ ಲೆಕ್ಕ ಹೀಗೆ. ಒಂದೊಂದು ಸೀಸದ ಬ್ಯಾಟರಿಯ ಒಳಗೂ 2 ವೋಲ್ಟಿನ ಆರು ಕೋಶ ಇರುತ್ತವೆ. ಎರಡು ಬ್ಯಾಟರಿಗೆ 12 ಕೋಶ. 27.6 ÷ 12 = 2.3 ವೋಲ್ಟ್, ಇದು ಒಂದು ಕೋಶಕ್ಕೆ ಹಿತವಾದ ಊಟ. ಎಡಗಡೆಯದರಲ್ಲಿ ಒಂದು ಕೋಶ ಸತ್ತಿದೆ. ಯುಪಿಎಸ್‌ಗೆ ಇದು ಗೊತ್ತಿಲ್ಲ, ಅದು ಒಟ್ಟು ಮೊತ್ತ ಮಾತ್ರ ನೋಡುತ್ತದೆ. ಉಳಿದ 11 ಕೋಶಗಳಿಗೇ ಅಷ್ಟನ್ನೂ ಬಡಿಸುತ್ತದೆ. 27.6 ÷ 11 = ಸುಮಾರು 2.5 ವೋಲ್ಟ್. ಐದು ಕೋಶಕ್ಕೆ 12.5, ಆರು ಕೋಶಕ್ಕೆ 15.1. ಸರಿಹೋಯಿತಲ್ಲ! ಹೀಗೆ ಹೆಚ್ಚಾದ ವಿದ್ಯುತ್ತು ಒಳಗಿನ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುತ್ತದೆ. ಬಲಗಡೆಯ ಬ್ಯಾಟರಿಗೆ ಮತ್ತೆ ಮತ್ತೆ ಬ್ಯಾಟರಿ ನೀರು ಹಾಕಬೇಕಾಗಿ ಬಂದದ್ದು ಇದಕ್ಕೇ. ಅಂದರೆ ಚೆನ್ನಾಗಿದೆ ಅಂತ ನಾವು ಅಂದುಕೊಂಡ ಬ್ಯಾಟರಿಯೂ ಬಹಳ ದಿನದಿಂದ ಬೇಯುತ್ತಾ ಇದೆ.

ಸಮ ಮಾಡುವುದು ಹೇಗೆ?

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಮಾಡಿದರು. ಇದು ಸ್ವಲ್ಪ ಸಹನೆಯ ಪ್ರಾಣಿ. ಕೋಶಗಳು ಆರೋಗ್ಯವಾಗಿದ್ದು ಚಾರ್ಜ್ ಮಾತ್ರ ಹೆಚ್ಚುಕಡಿಮೆ ಆಗಿದ್ದರೆ, ಕೆಲವು ಗಂಟೆ ಬೇಕೆಂದೇ ಸ್ವಲ್ಪ ಹೆಚ್ಚು ವೋಲ್ಟಿನಲ್ಲಿ ಚಾರ್ಜ್ ಮಾಡುತ್ತಾರೆ. ತುಂಬಿದ ಕೋಶ ಹೆಚ್ಚಿದ್ದನ್ನು ಗುಳ್ಳೆ ಮಾಡಿ ಬಿಡುತ್ತದೆ, ಅಷ್ಟರಲ್ಲಿ ಹಿಂದೆ ಬಿದ್ದ ಕೋಶ ಬಂದು ಸೇರಿಕೊಳ್ಳುತ್ತದೆ. ತಂಡದಲ್ಲಿ ಮುಂದೆ ಓಡಿದವನು ನಿಂತಲ್ಲೇ ಕುಣಿಯುತ್ತಾ ಹಿಂದಿನವನಿಗೆ ಕಾದ ಹಾಗೆ. ನೀರು ಹಾಕುವ ಮುಚ್ಚಳ ಇರುವ ಬ್ಯಾಟರಿಗೆ ಮಾತ್ರ ಇದು ಸರಿ, ಸೀಲ್ ಮಾಡಿದ್ದಕ್ಕೆ ಅಲ್ಲ.

ಲಿಥಿಯಂ ಬ್ಯಾಟರಿ ಹಾಗಲ್ಲ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯ ಹಿಂದಿನ ಕೆಲಸಕ್ಕೆ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಮೊಬೈಲಿನಲ್ಲಿರುವಂಥ ಲಿಥಿಯಂ ಕೋಶಗಳಲ್ಲಿ ಹೆಚ್ಚಿನವು 4.2 ವೋಲ್ಟಿಗೆ ತುಂಬುತ್ತವೆ. ಅದಕ್ಕಿಂತ ಮೇಲೆ ತುಂಬಿದರೆ ಗುಳ್ಳೆ ಬಿಟ್ಟು ಸುಮ್ಮನಾಗುವ ಗುಣ ಇಲ್ಲ. ಒಳಗೆ ಹಾಳಾಗುತ್ತದೆ, ಉಬ್ಬುತ್ತದೆ, ಬೆಂಕಿಯೂ ಹತ್ತಬಹುದು. 2022ರಲ್ಲಿ ನಮ್ಮ ದೇಶದಲ್ಲಿ ಕೆಲವು ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಗಳ ಸುರಕ್ಷತಾ ನಿಯಮ ಬಿಗಿ ಮಾಡಿತು. ಸ್ಕೂಟರಿನ ಬ್ಯಾಟರಿಯಲ್ಲಿ ಸರಣಿಯಲ್ಲಿರುವ ಒಂದೊಂದು ಕೋಶದ ವೋಲ್ಟನ್ನೂ ನೋಡಿಕೊಳ್ಳಲು ಒಂದು ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಬಿಎಂಎಸ್ ಅನ್ನುತ್ತಾರೆ. ಹಾಸ್ಟೆಲಿನ ವಾರ್ಡನ್ ಇದ್ದ ಹಾಗೆ.

ಈ ಸರ್ಕ್ಯೂಟ್ ಎರಡು ವಿಧದಲ್ಲಿ ಸಮ ಮಾಡುತ್ತದೆ.

1. ಚೆಲ್ಲುವ ವಿಧಾನ: ಯಾವ ಕೋಶ ಮೊದಲು ತುಂಬಿತೋ ಅದರ ಹೆಚ್ಚಿನ ಆವೇಶವನ್ನು ಒಂದು ಚಿಕ್ಕ ರೋಧಕದಲ್ಲಿ ಹರಿಸಿ ಶಾಖವಾಗಿ ಕಳೆಯುತ್ತದೆ. ಸ್ವಲ್ಪ ನಷ್ಟ, ಆದರೆ ಅಗ್ಗ. ಹೆಚ್ಚಿನ ಕಡೆ ಇದೇ ಇರುವುದು.

2. ಹೊತ್ತು ಹಾಕುವ ವಿಧಾನ: ಒಂದು ಕೆಪಾಸಿಟರ್ ಅಥವಾ ಸುರುಳಿ ತುಂಬಿದ ಕೋಶದಿಂದ ತೆಗೆದು ಕಡಿಮೆ ಇರುವ ಕೋಶಕ್ಕೆ ಹಾಕುತ್ತದೆ. ಹಂಡೆಯಿಂದ ಚೊಂಬಿನಲ್ಲಿ ತೋಡಿ ಬಕೆಟ್ಟಿಗೆ ಹಾಕಿದಂತೆ. ಚೊಂಬು ಚಿಕ್ಕದೇ, ಆದರೆ ಸೆಕೆಂಡಿಗೆ ಸಾವಿರಾರು ಸಲ ತೋಡಬಲ್ಲದು!

ಯುಪಿಎಸ್ಸಿನ ಎರಡು ಬ್ಯಾಟರಿಗಳ ನಡುವೆ ಹಾಕಲು ಇಂಥದೇ ಬ್ಯಾಲೆನ್ಸರ್ ಡಬ್ಬಿ ಸಿಗುತ್ತದೆ. ಅದು ಒಂದರ ಚಾರ್ಜನ್ನು ಇನ್ನೊಂದಕ್ಕೆ ದಾಟಿಸುತ್ತದೆ, ಅಷ್ಟೇ. ಕೆರೆಯ ಹೂಳು ತೆಗೆಯುವುದಿಲ್ಲ. ಸತ್ತ ಕೋಶಕ್ಕೆ ಜೀವ ಬರಿಸುವುದಿಲ್ಲ. ಚಾರ್ಜ್ ಸಮ ಮಾಡಬಹುದು, ವಯಸ್ಸು ಸಮ ಮಾಡಲಾಗದು. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಬೇರೆ ಬೇರೆ ಜಾತಿಯ ಬ್ಯಾಟರಿ ಸೇರಿಸಬಹುದೇ?

"ಒಂದು ಸೀಸದ್ದು, ಒಂದು ಲಿಥಿಯಂ ಹಾಕಿದರೆ ಹೇಗೆ?" ಅಂತ ಒಬ್ಬ ಗೆಳೆಯ ಕೇಳಿದ. ಬೇಡ. ಪೂರ್ತಿ ಚಾರ್ಜಾಗಿ ಸುಮ್ಮನಿದ್ದಾಗ ಸೀಸದ ಬ್ಯಾಟರಿ 12.7 ವೋಲ್ಟಿನ ಹತ್ತಿರ ಇರುತ್ತದೆ. 12 ವೋಲ್ಟಿನ ಸೀಸದ್ದರ ಬದಲಿಗೆ ಬರುವ ನಾಲ್ಕು ಕೋಶದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 13.3ರ ಹತ್ತಿರ ನಿಲ್ಲುತ್ತದೆ. ಎರಡರ ‘ತುಂಬಿದ ಮಟ್ಟ’ವೇ ಬೇರೆ. ಸಮಾಂತರವಾಗಿ ಕಟ್ಟಿದರೆ ಒಂದು ಇನ್ನೊಂದಕ್ಕೆ ಸುರಿಯುತ್ತಲೇ ಇರುತ್ತದೆ. ಸರಣಿಯಲ್ಲಿ ಕಟ್ಟಿದರೆ ಚಾರ್ಜರ್ ಯಾರ ಹೊಟ್ಟೆ ನೋಡಿ ಬಡಿಸಬೇಕು?

ಹಾಗಾದರೆ ಶಾಲೆ ಏನು ಮಾಡಬೇಕು?

ಒಂದೇ ಬ್ಯಾಟರಿ ತಂದರೆ ಅರ್ಧ ದುಡ್ಡು ಉಳಿಯುತ್ತದೆ ಅನ್ನುವ ಮಾತು ಕೇಳಿಬರುತ್ತಿದೆ. ದುಡ್ಡಿನ ಕಷ್ಟ ನಮಗೂ ಗೊತ್ತು. ಆದರೆ ಲೆಕ್ಕ ನೋಡಿ. ಹೊಸದು 150 ಎಎಚ್. ಬೆಂದು ನೊಂದ ಹಳೆಯದರಲ್ಲಿ 60 ಎಎಚ್ ಉಳಿದಿದೆ ಅಂತಿಟ್ಟುಕೊಳ್ಳೋಣ. ಸರಣಿಯಲ್ಲಿ ಸಿಗುವುದು 60 ಮಾತ್ರ. ಹೊಸದರ 90 ಎಎಚ್, ಅಂದರೆ ಐದರಲ್ಲಿ ಮೂರು ಪಾಲು, ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಂತೆ. ಅದೂ ಸಾಲದು ಅಂತ ಹಳೆಯದು ಮೊದಲು ತುಂಬಿ ವೋಲ್ಟ್ ಏರಿಸುವುದರಿಂದ ಯುಪಿಎಸ್ ಬೇಗ ಕೈ ಹಿಡಿಯುತ್ತದೆ, ಹೊಸದು ಯಾವಾಗಲೂ ಅರೆಹೊಟ್ಟೆ. ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲಿ ಇದ್ದಷ್ಟೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹಳೆಯದು ಪೂರ್ತಿ ಸಾಯುವ ಹೊತ್ತಿಗೆ ಹೊಸದೂ ಹಳೆಯದಾಗಿರುತ್ತದೆ. ಮತ್ತೆ ಒಂದು ತರಬೇಕು, ಮತ್ತೆ ಇದೇ ಜಗಳ. ಬ್ಯಾಟರಿ ತಂದು ಕೆಲವೇ ತಿಂಗಳಾಗಿದ್ದರೆ ಒಂದನ್ನು ಮಾತ್ರ ಬದಲಿಸಬಹುದಿತ್ತು. ನಾಲ್ಕು ವರ್ಷದ್ದಕ್ಕೆ ಆಗದು.

ಆದ್ದರಿಂದ ನನ್ನ ವಿನಂತಿ: ಒಂದೇ ಕಂಪನಿ, ಒಂದೇ ಎಎಚ್, ಒಂದೇ ತಿಂಗಳಲ್ಲಿ ತಯಾರಾದ ಎರಡು ಬ್ಯಾಟರಿ ಒಟ್ಟಿಗೆ ತರಬೇಕು. ಕೆಟ್ಟದ್ದನ್ನು ಅಂಗಡಿಗೆ ವಾಪಸ್ ಕೊಟ್ಟರೆ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಬಲಗಡೆಯದನ್ನು ಎಸೆಯುವುದು ಬೇಡ. ಅದು ಒಂಟಿಯಾಗಿ, ತನ್ನದೇ ಚಾರ್ಜರಿನಲ್ಲಿ, ಸಂಜೆ ಓದುವ ಕೋಣೆಗೆ ಎರಡು ಎಲ್‌ಇಡಿ ದೀಪ ಉರಿಸಲಿ. ಮುದಿ ಎತ್ತಿಗೆ ನೊಗ ಬೇಡ, ಹಗುರ ಕೆಲಸ ಕೊಡೋಣ.

ಎಚ್ಚರಿಕೆಗಳು

• ಬ್ಯಾಟರಿ ಕೆಲಸ ದೊಡ್ಡವರ ಜೊತೆಯಲ್ಲೇ ಮಾಡಿ. ಬಳೆ, ಉಂಗುರ, ಲೋಹದ ಗಡಿಯಾರ ತೆಗೆದಿಡಿ.
• ಪ್ಲಸ್ ಮೈನಸ್ ಎರಡಕ್ಕೂ ಒಟ್ಟಿಗೆ ಸ್ಪ್ಯಾನರ್ ತಗುಲಿಸಬೇಡಿ.
• ಚಾರ್ಜ್ ಆಗುವಾಗ ಕಿಟಕಿ ತೆರೆದಿರಲಿ. ಜಲಜನಕ ಹತ್ತಿಕೊಳ್ಳುವ ಅನಿಲ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.
• ಬೋರ್‌ವೆಲ್ ನೀರು ಹಾಕಬೇಡಿ, ಡಿಸ್ಟಿಲ್ಡ್ ವಾಟರ್ ಮಾತ್ರ.
• ಒಳಗಿರುವುದು ಗಂಧಕಾಮ್ಲ. ಮೈಮೇಲೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಆಸ್ಪತ್ರೆಗೆ ಹೋಗಿ.
• ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಬಿಚ್ಚಬೇಡಿ.

ನೀವೂ ಮಾಡಿ ನೋಡಿ

ಒಂದು ಅಗಲದ ಬಾಟಲಿ, ಒಂದು ಸಣ್ಣ ಬಾಟಲಿ ತೆಗೆದುಕೊಳ್ಳಿ. ಬುಡದಲ್ಲಿ ತೂತು ಮಾಡಿ ಹಳೇ ಡ್ರಿಪ್ ಪೈಪಿನ ತುಂಡಿನಿಂದ ಸೇರಿಸಿ, ಮೇಣ ಮೆತ್ತಿ. ಪೈಪನ್ನು ಮಡಿಚಿ ಹಿಡಿದು ಒಂದಕ್ಕೆ ಮಾತ್ರ ನೀರು ತುಂಬಿ, ಆಮೇಲೆ ಬಿಡಿ. ಮಟ್ಟ ಸಮ ಆದ ಮೇಲೆ ಎರಡರ ನೀರನ್ನೂ ಬೇರೆ ಬೇರೆ ಅಳೆಯಿರಿ. ನಾನು ಮಾಡಿದ್ದು ವಿಜ್ಞಾನ ಕೊಠಡಿಯ ಕಿಟಕಿಯ ಮೇಲಿದೆ, ಯಾರು ಬೇಕಾದರೂ ನೋಡಬಹುದು. ನೀರು ಚೆಲ್ಲಿದರೆ ಒರೆಸಿ ಹೋಗಿ!

ಹತ್ತನೇ ತರಗತಿ, ವಿಜ್ಞಾನ ಸಂಘದ ಪರವಾಗಿ