ಕೋಲು ಆಡಿಸುವವನು ದೊಡ್ಡವನೋ, ಕೊಂಬು ಊದುವವನು ದೊಡ್ಡವನೋ?

ಕಂಡಕ್ಟರ್ ಎಂದರೆ ನಮಗೆಲ್ಲ ಗೊತ್ತಿರುವವನು ಒಬ್ಬನೇ. ಹೆಗಲಲ್ಲಿ ಚೀಲ, ತುಟಿಯಲ್ಲಿ ಸೀಟಿ, ಬಾಯಿ ತೆರೆದರೆ 'ರೈಟ್... ರೈಟ್!' ಬೆಂಗಳೂರಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕವಾಡ್ ಎಂಬ ಕಂಡಕ್ಟರ್ ರಜನೀಕಾಂತ್ ಆದ ಕಥೆಯಂತೂ ನಿಮಗೆ ಬಾಯಿಪಾಠ.

ಆದರೆ ಸಂಗೀತ ಪ್ರಪಂಚದಲ್ಲಿ ಇನ್ನೊಬ್ಬ ಕಂಡಕ್ಟರ್ ಇದ್ದಾನೆ. ಅವನು ಟಿಕೆಟ್ ಕೊಡುವುದಿಲ್ಲ, ಸೀಟಿ ಊದುವುದಿಲ್ಲ. ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತು ಪುಟ್ಟದೊಂದು ಕೋಲು ಆಡಿಸುತ್ತಾನೆ. ಎದುರಿಗೆ ಎಂಬತ್ತು-ತೊಂಬತ್ತು ಮಂದಿ ಪಿಟೀಲು, ಕೊಳಲು, ಟ್ರಂಪೆಟ್, ನಗಾರಿ ಹಿಡಿದು ಕೂತಿರುತ್ತಾರೆ. ಗಣೇಶನ ಹಬ್ಬಕ್ಕೆ ಪೆಂಡಾಲಿನಲ್ಲಿ ಹಾಡುವ ನಮ್ಮ ಆರ್ಕೆಸ್ಟ್ರಾ ಬೇರೆ, ಈ ಆರ್ಕೆಸ್ಟ್ರಾ ಬೇರೆ. ಇಲ್ಲಿ ಎಲ್ಲರೂ ಬರೆದಿಟ್ಟ ಸ್ವರವನ್ನೇ ನುಡಿಸಬೇಕು. ಮಜಾ ಏನು ಗೊತ್ತೇ? ಆ ಕೋಲಿನಿಂದ 'ಕುಂಯ್' ಎಂಬ ಶಬ್ದ ಕೂಡ ಬರುವುದಿಲ್ಲ! ಆದರೂ ಚಪ್ಪಾಳೆಯಲ್ಲಿ ಸಿಂಹಪಾಲು ಅವನಿಗೇ. ಇದು ಯಾವ ಊರ ನ್ಯಾಯ ಸ್ವಾಮಿ?

ಫೆಲಿನಿ ಕೇಳಿದ ಪ್ರಶ್ನೆ

ಇದೇ ಪ್ರಶ್ನೆ ಇಟಲಿಯ ಮಹಾನಿರ್ದೇಶಕ ಫೆಡರಿಕೊ ಫೆಲಿನಿಯನ್ನೂ ಕಾಡಿರಬೇಕು. 1978ರಲ್ಲಿ ಆತ 'ಪ್ರೋವಾ ದೋರ್ಕೆಸ್ತ್ರಾ' ಎಂಬ ಚಿತ್ರ ತೆಗೆದ. ಹೆಸರಿನ ಅರ್ಥ 'ಆರ್ಕೆಸ್ಟ್ರಾ ತಾಲೀಮು'. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಡ್ಯುಯೆಟ್ಟಂತೂ ಇಲ್ಲವೇ ಇಲ್ಲ. ಒಂದು ಹಳೆಯ ಪ್ರಾರ್ಥನಾ ಮಂದಿರ, ಅಲ್ಲಿಗೆ ತಾಲೀಮಿಗೆ ಬರುವ ವಾದ್ಯಗಾರರು, ಅವರನ್ನು ಮಾತಾಡಿಸುವ ಟೀವಿಯವರು. ಇಷ್ಟೇ ಬಂಡವಾಳ!

ಕ್ಯಾಮರಾ ಕಂಡ ಕೂಡಲೇ ಯೂನಿಯನ್ ಮುಖಂಡ ಕಾನೂನು ತೆಗೆಯುತ್ತಾನೆ. ಸಂದರ್ಶನಕ್ಕೆ ಬೇರೆ ಕಾಸಿಲ್ಲ, ಇಷ್ಟವಿದ್ದವರು ಮಾತಾಡಬಹುದು, ಇಲ್ಲದವರು ಬಿಡಬಹುದು. ಆಮೇಲೆ ಶುರು ನೋಡಿ ಜಂಬ! ಪಿಟೀಲಿನವನಿಗೆ ಪಿಟೀಲೇ ಆರ್ಕೆಸ್ಟ್ರಾದ ರಾಜ. ಊದುವವರಿಗೆ ತಮ್ಮ ಉಸಿರೇ ಅದರ ಪ್ರಾಣ. ಒಬ್ಬ ಮಹಾಶಯನಿಗೆ ಸಂಗೀತಕ್ಕಿಂತ ಟ್ರಾನ್ಸಿಸ್ಟರಿನಲ್ಲಿ ಬರುವ ಫುಟ್ಬಾಲ್ ಪಂದ್ಯವೇ ಮುಖ್ಯ. ನಮ್ಮಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಕೆಲಸ ಮಾಡುವವರಿಲ್ಲವೇ, ಹಾಗೆ.

ಕಂಡಕ್ಟರ್ ಬರುತ್ತಾನೆ. ಜರ್ಮನ್ ಧಾಟಿಯಲ್ಲಿ ಇಟಾಲಿಯನ್ ಮಾತಾಡುವ ಸಿಡುಕ. ಬೈಯುತ್ತಾನೆ, ಕೂಗಾಡುತ್ತಾನೆ. ವಿರಾಮದಲ್ಲಿ ತನ್ನ ಕೋಣೆಯಲ್ಲಿ ಕೂತು ಟೀವಿಯವರ ಹತ್ತಿರ ಮನಸ್ಸು ಬಿಚ್ಚುತ್ತಾನೆ. ಕೋಲೆತ್ತಿದರೆ ಸಾಕು, ಉಸಿರು ಬಿಗಿಹಿಡಿದು ನೋಡುತ್ತಿದ್ದ ಆ ಕಾಲ ಎಲ್ಲಿ ಹೋಯಿತು ಎಂಬುದೇ ಅವನ ಗೋಳು. ಅವನು ಹೊರಗೆ ಬರುವ ಹೊತ್ತಿಗೆ ಹಾಲ್ ತುಂಬ ದಂಗೆ! ಗೋಡೆ ತುಂಬ ಘೋಷಣೆ. ಕಂಡಕ್ಟರ್ ಬೇಡ, ತಾಳ ಹಾಕುವ ಯಂತ್ರ ಸಾಕು ಎಂದು ದೊಡ್ಡದೊಂದು ಮೆಟ್ರೊನೋಮ್ ತಂದು ನಿಲ್ಲಿಸುತ್ತಾರೆ. ಮರುಕ್ಷಣ ಅದೂ ಬೇಡವಾಗುತ್ತದೆ.

ಆಗ... ಧಡಾರ್! ಕಟ್ಟಡ ಕೆಡವುವ ಭಾರಿ ಕಬ್ಬಿಣದ ಗುಂಡು ಗೋಡೆ ಒಡೆದುಕೊಂಡು ಒಳಗೆ ನುಗ್ಗುತ್ತದೆ. ಹಾರ್ಪ್ ನುಡಿಸುತ್ತಿದ್ದ ಹೆಣ್ಣುಮಗಳು ಸಾಯುತ್ತಾಳೆ. ಧೂಳಿನ ನಡುವೆ ನಿಂತ ಕಂಡಕ್ಟರ್ ಕೋಲು ಎತ್ತುತ್ತಾನೆ. ಅಷ್ಟು ಹೊತ್ತು ಕಿತ್ತಾಡಿದವರು ತೆಪ್ಪಗೆ ವಾದ್ಯ ಎತ್ತಿಕೊಂಡು ಅದ್ಭುತವಾಗಿ ನುಡಿಸುತ್ತಾರೆ! ನೀವು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಆತ ಮತ್ತೆ ಬೈಯಲು ಶುರು. ತೆರೆ ಕಪ್ಪಾದ ಮೇಲೂ ಜರ್ಮನ್ ಬೈಗುಳ ಕೇಳುತ್ತಲೇ ಇರುತ್ತದೆ. ಯಜಮಾನನಿಲ್ಲದಿದ್ದರೆ ಗಲಾಟೆ, ಯಜಮಾನ ಬಂದರೆ ದಬ್ಬಾಳಿಕೆ! ಇದಕ್ಕೆ ಸಂಗೀತ ಕೊಟ್ಟವರು 'ಗಾಡ್‌ಫಾದರ್' ಖ್ಯಾತಿಯ ನೀನೋ ರೋಟಾ. ಫೆಲಿನಿಗಾಗಿ ಅವರು ಮಾಡಿದ ಕೊನೆಯ ಚಿತ್ರ ಇದು. 1979ರಲ್ಲಿ ತೀರಿಕೊಂಡರು.

ವೇದಿಕೆಯ ಮೇಲೇ ಜಗಳ

ಅದು ಸಿನಿಮಾ ಬಿಡಿ ಅಂತೀರಾ? ನಿಜವಾಗಿ ನಡೆದದ್ದನ್ನೇ ಕೇಳಿ. 1962ರ ಏಪ್ರಿಲ್ 6, ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಕಂಡಕ್ಟರ್ ಲೆನರ್ಡ್ ಬರ್ನ್‌ಸ್ಟೈನ್. 'ವೆಸ್ಟ್ ಸೈಡ್ ಸ್ಟೋರಿ'ಯ ಸಂಗೀತಗಾರ ಎಂದರೆ ನಿಮಗೆ ಬೇಗ ಗುರುತು ಸಿಕ್ಕೀತು. ಅಂದು ಪಿಯಾನೊ ನುಡಿಸಬೇಕಾಗಿದ್ದವನು ಗ್ಲೆನ್ ಗೌಲ್ಡ್, 29ರ ಹುಡುಗ, ಕೆನಡಾದವನು. ಬ್ರಾಹ್ಮ್ಸ್ ಬರೆದ ಕೃತಿಯೊಂದನ್ನು ಆತ ವಿಪರೀತ ನಿಧಾನವಾಗಿ ನುಡಿಸುತ್ತೇನೆಂದು ಹಟ ಹಿಡಿದಿದ್ದ.

ಬರ್ನ್‌ಸ್ಟೈನ್ ಕೋಲು ಎತ್ತುವ ಮೊದಲು ಪ್ರೇಕ್ಷಕರ ಕಡೆ ತಿರುಗಿ ಮಾತಾಡಿಯೇಬಿಟ್ಟರು. ಈ ರೀತಿ ನುಡಿಸುವುದು ತಮಗೆ ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಗೌಲ್ಡ್ ಎಂಥ ಕಲಾವಿದನೆಂದರೆ ಅವನ ಯೋಚನೆಯನ್ನು ನೀವು ಕೇಳಲೇಬೇಕು ಎಂದರು. ಯಜಮಾನ ಯಾರು, ನುಡಿಸುವವನೋ ನಡೆಸುವವನೋ ಎಂದು ತಾವೇ ಪ್ರಶ್ನೆ ಹಾಕಿದರು. ಒಮ್ಮೊಮ್ಮೆ ಇವನು, ಒಮ್ಮೊಮ್ಮೆ ಅವನು ಎಂದು ತಾವೇ ಉತ್ತರ ಕೊಟ್ಟರು. ಸಭೆಯಲ್ಲಿ ನಗೆಯೋ ನಗೆ! ಆಮೇಲೆ ಹುಡುಗ ಹೇಳಿದಷ್ಟೇ ನಿಧಾನವಾಗಿ ಕೋಲು ಆಡಿಸಿದರು. ನ್ಯೂಯಾರ್ಕಿನ ಪತ್ರಿಕೆಯಲ್ಲಿ ವಿಮರ್ಶಕ ಚೆನ್ನಾಗಿ ಝಾಡಿಸಿದ. ಆದರೆ ಒಪ್ಪದ ಮಾತಿಗೂ ಬೆನ್ನು ಕೊಟ್ಟು ನಿಲ್ಲಬಲ್ಲವನೇ ನಿಜವಾದ ಕಂಡಕ್ಟರ್ ಎಂದು ನನಗನ್ನಿಸುತ್ತದೆ. ಎಷ್ಟು ಡೈರೆಕ್ಟರುಗಳಿಗೆ, ಎಷ್ಟು ಹೀರೋಗಳಿಗೆ ಈ ಗುಣವಿದೆ ಹೇಳಿ?

ಕೋಲಿಲ್ಲದ ಆರ್ಕೆಸ್ಟ್ರಾ

ಕೋಲೇ ಬೇಡ ಎಂದು ಮಾಡಿ ತೋರಿಸಿದವರೂ ಉಂಟು. ಕ್ರಾಂತಿಯಾದ ಮೇಲೆ 1922ರಲ್ಲಿ ಮಾಸ್ಕೋದಲ್ಲಿ 'ಪೆರ್ಸಿಮ್‌ಫಾನ್ಸ್' ಎಂಬ ತಂಡ ಹುಟ್ಟಿತು. ಎಲ್ಲರೂ ಸಮಾನರಾದ ಮೇಲೆ ದಣಿ ಯಾಕೆ ಎಂಬುದು ಅವರ ವಾದ. ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ದುಂಡಗೆ ಕೂತು, ಕಣ್ಸನ್ನೆಯಲ್ಲೇ ನುಡಿಸುತ್ತಿದ್ದರು. ಚೆನ್ನಾಗಿಯೇ ನುಡಿಸಿದರು! ಆದರೆ ಒಂದೊಂದು ಕೃತಿಗೂ ಬೇಕಾದ ತಾಲೀಮು ಮಾತ್ರ ವಿಪರೀತ. 1932ಕ್ಕೆ ಅಂಗಡಿ ಮುಚ್ಚಿತು.

ಲಂಡನ್ನಿನವರದು ಇನ್ನೊಂದು ಉಪಾಯ. ಬೇರೆ ಕಡೆ ಹೆಚ್ಚು ಕಾಸು ಸಿಕ್ಕಿದ ದಿನ ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸುವುದು ಅಲ್ಲಿನ ವಾದ್ಯಗಾರರ ರೂಢಿ. ಹೆನ್ರಿ ವುಡ್ ಎಂಬ ಕಂಡಕ್ಟರಿನ ತಂಡದಲ್ಲಿ ಇನ್ನು ಬದಲಿ ಆಳು ನಡೆಯುವುದಿಲ್ಲ ಎಂದು ಆಜ್ಞೆಯಾಯಿತು. ಸುಮಾರು 40 ಜನ ಎದ್ದು ಹೊರಟೇಹೋದರು! 1904ರಲ್ಲಿ ಅವರೇ ಕಟ್ಟಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಇಲ್ಲಿ ವಾದ್ಯಗಾರರೇ ಮಾಲೀಕರು, ಕಂಡಕ್ಟರನ್ನು ಕರೆಸುವವರೂ ಅವರೇ.

1977ರಲ್ಲಿ 'ಸ್ಟಾರ್ ವಾರ್ಸ್'ಗೆ ನುಡಿಸಿದ್ದು ಇದೇ ತಂಡ. ಸಂಗೀತ ಬರೆದು ಕೋಲು ಹಿಡಿದವರು ಜಾನ್ ವಿಲಿಯಮ್ಸ್. ಟೈಟಲ್ ಶುರುವಾಗುತ್ತಿದ್ದಂತೆ ಮೈ ಜುಮ್ಮೆನ್ನಿಸುವ ಆ ಟ್ರಂಪೆಟ್ ಇದೆಯಲ್ಲ, ಅದನ್ನು ಊದಿದವನು ಮಾರಿಸ್ ಮರ್ಫಿ. ತಂಡದಲ್ಲಿ ಅವನಿಗೆ ಅದು ಮೊದಲ ದಿನದ ಕೆಲಸ! ಜಗತ್ತೆಲ್ಲ ಆ ನಾದ ಕೇಳಿತು. ಮರ್ಫಿ ಎಂಬ ಹೆಸರು ಎಷ್ಟು ಜನಕ್ಕೆ ಗೊತ್ತು?

ಮೈಸೂರಿನಿಂದ, ಮದರಾಸಿನಿಂದ

ಇದೆಲ್ಲ ದೊರೆಗಳ ದೇಶದ ಮಾತು, ನಮಗೇನು ಎನ್ನಬೇಡಿ. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ 1948ರ 'ಹ್ಯಾಮ್ಲೆಟ್' ಚಿತ್ರಕ್ಕೆ ನುಡಿಸಿದ ತಂಡ. ಅದು ಕಾಸಿನ ಚಿಂತೆಯಲ್ಲಿದ್ದಾಗ ಕೈ ಹಿಡಿದವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು! 1950ರ ಮೇ 22ರಂದು ಲಂಡನ್ನಿನಲ್ಲಿ ಆ ತಂಡ ಜರ್ಮನಿಯ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳನ್ನು ಮೊದಲ ಬಾರಿಗೆ ನುಡಿಸಿತು. ಕೋಲು ಫುರ್ಟ್‌ವೆಂಗ್ಲರ್ ಕೈಯಲ್ಲಿ, ನೆರವು ಮೈಸೂರಿನದು.

ಇನ್ನೊಂದು ಮಾತು. ಮದರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಜಿ.ಕೆ. ವೆಂಕಟೇಶ್ ಕನ್ನಡ ಹಾಡು ಧ್ವನಿಮುದ್ರಿಸುತ್ತಿದ್ದಾಗ ಅವರ ಬಳಿ ಸಹಾಯಕನಾಗಿ, ಗಿಟಾರ್ ಹಿಡಿದು ದುಡಿಯುತ್ತಿದ್ದ ಯುವಕನೊಬ್ಬನಿದ್ದ. ಆತನೇ ಇಳಯರಾಜ. 2025ರ ಮಾರ್ಚ್ 8ರಂದು ಅವರು ಬರೆದ ಸಿಂಫನಿಯನ್ನು ಲಂಡನ್ನಿನಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸಿತು. ಅಂದು ಕೋಲು ಹಿಡಿದವರು ಮಿಕೆಲ್ ಟಾಮ್ಸ್.

ಅಂದು ಸಾಲಿನಲ್ಲಿ ಕೂತು ನುಡಿಸಿದ ಕೈಗೆ ಇಷ್ಟು ದೂರ ಹೋಗುವ ಶಕ್ತಿಯಿತ್ತು. ಇಂದು ಆ ಸಾಲೇ ಕರಗುತ್ತಿದೆ. ಕೀಬೋರ್ಡ್, ಕಂಪ್ಯೂಟರ್ ಬಂದ ಮೇಲೆ ಹತ್ತಾರು ಪಿಟೀಲಿನ ಕೆಲಸವನ್ನು ಒಂದೇ ಬೆರಳು ಮಾಡುತ್ತದೆ. ಫೆಲಿನಿಯ ಜನ ಯಂತ್ರವನ್ನು ಆಚೆಗೆ ತಳ್ಳಿದರು. ನಾವು ಮಣೆ ಹಾಕಿ ಕೂರಿಸಿದ್ದೇವೆ. ಹಾಗಾದರೆ ನಾಳಿನ ಇಳಯರಾಜ ಯಾವ ಸಾಲಿನಲ್ಲಿ ಕೂತು ಕಲಿಯಬೇಕು?

ಆದ್ದರಿಂದ ಗೆಳೆಯರೇ, ಚಿತ್ರ ಮುಗಿದು ಹೆಸರುಗಳು ಓಡುವಾಗ ಗಾಡಿ ತೆಗೆಯಲು ಓಡಬೇಡಿ. ಎರಡು ನಿಮಿಷ ಕೂತು ನೋಡಿ. ಪಿಟೀಲು ಯಾರದು, ಕೊಳಲು ಯಾರದು, ತಬಲಾ ಯಾರದು ಎಂದು ಹಾಕಿದ್ದಾರೆಯೇ? ಹಾಕಿದ್ದರೆ ಅವರಿಗೂ ಒಂದು ಶಿಳ್ಳೆ ಹೊಡೆಯಿರಿ. ಹಾಕಿಲ್ಲದಿದ್ದರೆ ಯಾಕೆ ಹಾಕಿಲ್ಲ ಎಂದು ನಿರ್ಮಾಪಕರಿಗೆ ಒಂದು ಕಾಗದ ಗೀಚಿ.