ಅಡಿಕೆಯ ಲೆಕ್ಕ, ಕೂಸಿನ ಲೆಕ್ಕ



ಈ ಪತ್ರಿಕೆಯಲ್ಲಿ ಕೊಳೆರೋಗ, ಗೊಬ್ಬರ, ಧಾರಣೆಗಳ ಮಾತೇ ಹೆಚ್ಚು. ಈ ಸಲ ಅವನ್ನು ಬದಿಗಿಟ್ಟು ತೊಟ್ಟಿಲಿನ ವಿಷಯ ಬರೆಯುತ್ತಿದ್ದೇವೆ. ಮೊದಲ ಸಲ ತಂದೆತಾಯಿಗಳಾದ ನಾವು ಮಾಡಿದ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂಬುದೇ ಇದರ ಉದ್ದೇಶ.

ನಮ್ಮದು ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯ ಕಡೆ ಒಂದೂವರೆ ಎಕರೆ ತೋಟ. ಅತ್ತಿವೇರಿ ಜಲಾಶಯದ ಪಕ್ಷಿಧಾಮಕ್ಕೆ ವಲಸೆ ಹಕ್ಕಿಗಳು ಬಂದಿಳಿಯುವ ಚಳಿಗಾಲದಲ್ಲೇ ನಮಗೆ ಕೊನೆಕೊಯ್ಲು. ಹೋದ ಸುಗ್ಗಿಯಲ್ಲಿ ಚೊಚ್ಚಲ ಹೆರಿಗೆಯೂ ಅದೇ ಹೊತ್ತಿಗೆ ಬಂತು. ತವರಿನಲ್ಲಿ ಬಾಣಂತನ ಮಾಡುವವರಿಲ್ಲದ್ದರಿಂದ ಮೂರನೆಯ ದಿನ ಕೂಸನ್ನು ಆಸ್ಪತ್ರೆಯಿಂದ ನಮ್ಮ ಮನೆಗೇ ಕರೆತಂದೆವು. ಅದೇ ಸಂಜೆ ಆಶಾ ಕಾರ್ಯಕರ್ತೆ ಬಂದು ತೂಕ ನೋಡಿ, ಹಾಲೂಡಿಸುವ ರೀತಿ ತೋರಿಸಿ, ಏನಾದರೂ ಸಂಶಯ ಬಂದರೆ ಫೋನ್ ಮಾಡಿರೆಂದು ಹೇಳಿ ಹೋದರು.

ಐದನೆಯ ದಿನ ಕೂಸು ಅಳಲೇ ಇಲ್ಲ. ಅಂಗಳದಲ್ಲಿ ಅಡಿಕೆ ಸುಲಿಯುವವರು, ಹಿತ್ತಿಲಲ್ಲಿ ಕುದಿಯುವ ಹಂಡೆ. ‘ಪುಣ್ಯಾತ್ಮ ಕೂಸು, ಕೊಯ್ಲು ಮುಗಿಯೋವರೆಗೂ ತಂಟೆ ಮಾಡೋದಿಲ್ಲ’ ಎಂದು ಮನೆಯ ಹಿರಿಯರು ಹೇಳಿದರು. ನಮಗೂ ಅದು ಹೌದೆನಿಸಿತು. ಸಂಜೆಯಾದರೂ ಏಳದಿದ್ದಾಗ ಮನಸ್ಸು ತಡೆಯದೆ ಆಶಾ ಅವರಿಗೆ ಫೋನ್ ಮಾಡಿದೆವು.

ಅವರು ಬಂದವರೇ ಕೇಳಿದ್ದು ಎರಡೇ ಪ್ರಶ್ನೆ: ‘ಮುಂಜಾನೆಯಿಂದ ಎಷ್ಟು ಸಲ ಹಾಲು ಕುಡಿದೈತಿ? ಎಷ್ಟು ಸಲ ಉಚ್ಚಿ ಹೊಯ್ದೈತಿ?’

ನಮ್ಮಿಬ್ಬರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ದಿನ ಕೊನೆಗೌಡ ಎಷ್ಟು ಕೊನೆ ಇಳಿಸಿದ, ಯಾರು ಎಷ್ಟು ಸುಲಿದರು ಎಂಬುದೆಲ್ಲ ಪುಸ್ತಕದಲ್ಲಿತ್ತು. ಕೂಸಿನ ಲೆಕ್ಕ ಮಾತ್ರ ಎಲ್ಲೂ ಇರಲಿಲ್ಲ.

ಅವರು ಬಟ್ಟೆ ಬಿಚ್ಚಿ ನೋಡಿದರು. ಪಾದ ತಣ್ಣಗಿತ್ತು, ಅಂಗಾಲಿನವರೆಗೂ ಹಳದಿ ಇಳಿದಿತ್ತು. ‘ಹಾಲಿಗೆ ಏಳದ ಕೂಸು ಶಾಣ್ಯಾ ಕೂಸಲ್ರಿ, ಸೋತ ಕೂಸು. ಈಗಲೇ ಹೊರಡ್ರಿ’ ಎಂದರು. 108ಕ್ಕೆ ಫೋನ್ ಮಾಡಿ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿ, ಮೇಲೆ ಕಂಬಳಿ ಹೊದೆಸಿ ಹೊರಟೆವು. ಆಸ್ಪತ್ರೆಯಲ್ಲಿ ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿ, ಹಿಂಡಿದ ಎದೆಹಾಲನ್ನು ಚಮಚದಿಂದ ಕುಡಿಸಿದ ಮೇಲೆ ಕೂಸು ಅತ್ತಿತು. ಆ ಅಳುವಿನಷ್ಟು ಹಿತವಾದ ಸದ್ದನ್ನು ನಾವು ಕೇಳಿರಲಿಲ್ಲ.

ವೈದ್ಯರು ಕಾರಣ ತಿಳಿಸಿದರು. ಹುಟ್ಟಿದ ಮಕ್ಕಳಲ್ಲಿ ಅರಿಶಿನ ಬಣ್ಣ ಕಾಣುವುದು ಸಾಮಾನ್ಯ, ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆದರೆ ಹಾಲು ಕಡಿಮೆಯಾದರೆ ಹಳದಿ ಏರುತ್ತದೆ. ಹಳದಿ ಏರಿದರೆ ಕೂಸಿಗೆ ಮಂಪರು ಕವಿಯುತ್ತದೆ. ಮಂಪರಿನಲ್ಲಿ ಹಾಲು ಇನ್ನೂ ಕಡಿಮೆಯಾಗುತ್ತದೆ. ಹಳದಿ ಮಿತಿಮೀರಿದರೆ ಮಿದುಳಿಗೂ ಕಿವಿಗೂ ಶಾಶ್ವತ ಹಾನಿಯಾಗಬಹುದು. ಎಳೆಬಿಸಿಲಿಗೆ ಹಿಡಿಯುವುದು ಇದಕ್ಕೆ ಚಿಕಿತ್ಸೆಯಲ್ಲ.

ಇಡಬೇಕಾದ ಲೆಕ್ಕ

ಕೂಸಿಗೆ ಹಗಲುರಾತ್ರಿ ಸೇರಿ 8ರಿಂದ 12 ಸಲ ಎದೆಹಾಲು ಬೇಕು. ಮೊದಲ ವಾರಗಳಲ್ಲಿ ನಿದ್ದೆ ಮಾಡುತ್ತಿದ್ದರೂ ಎರಡು ಮೂರು ತಾಸಿಗೊಮ್ಮೆ ಎಬ್ಬಿಸಿ ಕುಡಿಸಬೇಕು. ಐದನೆಯ ದಿನದ ನಂತರ 24 ತಾಸಿನಲ್ಲಿ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆಯೆಂದು ತಿಳಿಯಬಹುದು. ಮೊದಲ ವಾರ ತೂಕ ಸ್ವಲ್ಪ ಇಳಿಯುವುದುಂಟು. ಹತ್ತು ಹದಿನಾಲ್ಕು ದಿನಗಳಲ್ಲಿ ಅದು ಹುಟ್ಟುತೂಕಕ್ಕೆ ಮರಳಬೇಕು. ಈ ಲೆಕ್ಕವನ್ನು ತಂದೆಯಾದವನೇ ಬರೆದಿಡಲಿ. ಬಾಣಂತಿಗೆ ಬೇಕಾದದ್ದು ಊಟ ಮತ್ತು ನಿದ್ದೆ.

ಕರು ಹಾಕಿದ ಹಸುವಿನ ಗಿಣ್ಣುಹಾಲನ್ನು ಕರುವಿಗೆ ಕುಡಿಸದೆ ಬಿಡುವ ರೈತನಿಲ್ಲ. ಆದರೆ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಮನೆಗಳುಂಟು. ರೋಗ ತಡೆಯುವ ಶಕ್ತಿ ಇರುವುದೇ ಆ ಹಾಲಿನಲ್ಲಿ. ಹುಟ್ಟಿದ ಒಂದು ತಾಸಿನೊಳಗೆ ಅದು ಕೂಸಿನ ಬಾಯಿಗೆ ಸೇರಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಬೇಸಿಗೆಯಲ್ಲೂ ನೀರು ಬೇಡ. ಜೇನು, ಸಕ್ಕರೆ ನೀರು, ತೇಯ್ದ ಬಜೆ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಅಪಾಯಕಾರಿ.

ಹೊಕ್ಕುಳಿಗೆ ಎಣ್ಣೆ, ಬೂದಿ, ಅರಿಶಿನ ಏನನ್ನೂ ಹಚ್ಚದೆ ಒಣದಾಗಿಡಬೇಕು. ಕಿವಿ ಮೂಗಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ ಬೇಡ. ಹುಟ್ಟಿದ ದಿನವೇ ಸ್ನಾನ ಮಾಡಿಸಬಾರದು.

ನಮ್ಮಂಥವರ ಮನೆಗೆ ಇನ್ನೆರಡು ಮಾತು. ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕೆಂಡ ಇಡುವುದು ಪ್ರಾಣಾಪಾಯ, ಆ ವಿಷಗಾಳಿಗೆ ವಾಸನೆಯಿಲ್ಲ. ಕೂಸಿಗೆ ತಾಯಿಯ ಮೈಯೇ ಒಳ್ಳೆಯ ಅಗ್ಗಿಷ್ಟಿಕೆ. ಅಡಿಕೆ ಬೇಯಿಸುವ ಹೊಗೆ ಆ ಕೋಣೆಗೆ ನುಗ್ಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಔಷಧಿ ಹೊಡೆದು ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿಯೇ ಕೂಸನ್ನು ಮುಟ್ಟಬೇಕು.

ಮನೆಬಾಗಿಲಿಗೆ ಬರುವ ನೆರವು

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ನೋಡಬೇಕೆಂಬ ಕ್ರಮವಿದೆ. ಇದರ ಮೂಲ ಮಹಾರಾಷ್ಟ್ರದ ಗಡಚಿರೋಲಿಯ ಹಳ್ಳಿಗಳಲ್ಲಿದೆ. ಅಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಿದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತೆಂಬುದನ್ನು ಅವರು 1999ರಲ್ಲಿ ಪ್ರಕಟಿಸಿದರು. ಆದ್ದರಿಂದ ಆಶಾ ಬಂದಾಗ ‘ಎಲ್ಲ ಚೆನ್ನಾಗಿದೆ’ ಎಂದು ಅಂಗಳದಿಂದಲೇ ಕಳುಹಿಸಬೇಡಿ. ಒಳಗೆ ಕರೆದು ಕೂಸನ್ನು ತೋರಿಸಿ. ಆರು, ಹತ್ತು, ಹದಿನಾಲ್ಕನೆಯ ವಾರದ ಲಸಿಕೆಗಳನ್ನೂ ಕೊಯ್ಲಿನ ನೆಪದಲ್ಲಿ ಮುಂದೂಡಬೇಡಿ.

ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ಬೆಳಗಾಗಲೆಂದು ಕಾಯಬಾರದು. ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಎದೆ ಒಳಸೆಳೆತ, ಫಿಟ್ಸ್, ಅಂಗೈ ಅಂಗಾಲು ಹಳದಿ, ಹೊಕ್ಕುಳಿನ ಸುತ್ತ ಕೆಂಪು ಅಥವಾ ಕೀವು ಕಂಡರೂ ಹಾಗೆಯೇ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಕಾಯಿಲೆ ಬಿದ್ದ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ವಾಹನವೂ ಉಚಿತ. ಖರ್ಚಿನ ಚಿಂತೆಯಿಂದ ಯಾರೂ ಹಿಂಜರಿಯಬೇಕಾಗಿಲ್ಲ.

ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಆ ಸುಗ್ಗಿಯ ಹಾಳೆಗಳು ಈಗಲೂ ಇವೆ. ಒಂದು ಬದಿಗೆ ಕೊನೆಯ ಲೆಕ್ಕ, ಇನ್ನೊಂದು ಬದಿಗೆ ಆರನೆಯ ದಿನದಿಂದ ಕೂಸು ಹಾಲು ಕುಡಿದ ಹೊತ್ತು. ಈ ವರ್ಷ ಅಡಿಕೆಯ ಇಲ್ಲವೆ ಕಾಫಿಯ ಕೊಯ್ಲಿನ ನಡುವೆ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟುವರೋ, ಅವರು ಮೊದಲ ದಿನದಿಂದಲೇ ಎರಡೂ ಬದಿ ಬರೆಯಲಿ ಎಂದು ನಮ್ಮ ವಿನಂತಿ.