ಕಣ್ಣೆದುರು ಎದ್ದ ಕಟ್ಟೆ, ಕಾಣದ ಸುರಂಗ

ಹಿಂದಿನವರು ಎಲ್ಲವನ್ನೂ ನಿಧಾನವಾಗಿ ಕಟ್ಟುತ್ತಿದ್ದರು ಎಂಬ ಮಾತು ಪೂರ್ತಿ ನಿಜವಲ್ಲ. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹರಿಯಿತು. ಕೆಲಸ ಹಿಡಿದದ್ದು ಹೆಚ್ಚುಕಡಿಮೆ ಎರಡೇ ವರ್ಷ. ಗಣಿಗೆ ಅವಸರವಿತ್ತು, ಹಣವೂ ಇತ್ತು.

ಬೇಸಿಗೆಯಲ್ಲಿ ಅದೇ ಶಿವನಸಮುದ್ರಕ್ಕೆ ನೀರು ಸಾಲದಾಯಿತು. ಅದನ್ನು ಒದಗಿಸಲು, ಜತೆಗೆ ಮಂಡ್ಯದ ಹೊಲಗಳಿಗೆ ನೀರುಣಿಸಲು ಹೊರಟ ಕನ್ನಂಬಾಡಿ ಕಟ್ಟೆಗೆ ಮಾತ್ರ ಎರಡು ದಶಕ ಬೇಕಾಯಿತು. 1911ರಲ್ಲಿ ಕೆಲಸ ಆರಂಭವಾಯಿತಾದರೂ ಮದ್ರಾಸಿನ ತಕರಾರು 1924ರ ಒಪ್ಪಂದದವರೆಗೂ ಎಳೆಯಿತು. ಆದರೆ ನಡೆದದ್ದೆಲ್ಲ ಬಟ್ಟಬಯಲಲ್ಲಿ. ಸಿಮೆಂಟಿನ ಬದಲು ಸುಣ್ಣ, ಸುರ್ಕಿಯ ಗಾರೆ. ಅದನ್ನು ಅರೆಯುವವರು, ಕಲ್ಲು ಒಡೆಯುವವರು, ಹೊರುವವರು, ಎಲ್ಲರೂ ಕಾಣುತ್ತಿದ್ದರು. ಮುಳುಗಿದ್ದೂ ಕಾಣದೆ ಹೋಗಲಿಲ್ಲ. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ನೀರು ಇಳಿದ ಬರಗಾಲಗಳಲ್ಲಿ ತಲೆ ಎತ್ತುತ್ತಿತ್ತು. ಬಹುಕಾಲದ ಮೇಲೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ದಡದಲ್ಲಿ ಮತ್ತೆ ಗುಡಿ ಕಟ್ಟಲಾಯಿತು.

ಬೆಂಗಳೂರಿನ ಮೆಟ್ರೊ ರೈಲಿನ ಮೊದಲ ಹಂತ 42.3 ಕಿ.ಮೀ. 2007ರಲ್ಲಿ ಶುರುವಾದ ಕಾಮಗಾರಿ ಮುಗಿದದ್ದು 2017ರಲ್ಲಿ. ಯಂತ್ರಬಲದ ಕಾಲದಲ್ಲೂ ಹತ್ತು ವರ್ಷ! ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿ ಸುರಂಗ ಕೊರೆದ ಯಂತ್ರಗಳಿಗೆ ಕಾವೇರಿ, ಕೃಷ್ಣ, ಗೋದಾವರಿ ಎಂಬ ಹೆಸರುಗಳಿದ್ದವು. ಅವು ನೆಲ ಸೀಳಿ ಹೊರಬಂದ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತಿತ್ತು. ಒಳಗೆ ದುಡಿದವರನ್ನು ಮೇಲೆ ನಡೆದಾಡುವವರು ನೋಡಲೇ ಇಲ್ಲ. ಮಿಕ್ಕ ದಿನಗಳಲ್ಲಿ ಊರಿಗೆ ಕಂಡದ್ದು ತಗಡಿನ ಬೇಲಿ, ಅದರ ಪಕ್ಕ ತೆವಳುವ ಬಸ್ಸು.